ಅಳಿಸಿದ ಹಾಳೆಗಳು

ಮೇಜಿನ ಮೇಲೆ ಬಟಾಣಿಯ ರಾಶಿ ಇತ್ತು. ಅಜ್ಜಿ ಸಿಪ್ಪೆಯ ಬೆನ್ನು ಒತ್ತಿ ಬಿಡಿಸುತ್ತಿದ್ದಳು, ಅಮ್ಮ ಕಾಳನ್ನು ಹೆಬ್ಬೆರಳಿನಿಂದ ಪಾತ್ರೆಗೆ ತಳ್ಳುತ್ತಿದ್ದಳು, ನಾನು ಸಿಪ್ಪೆಯನ್ನು ಹಳೆಯ ಪತ್ರಿಕೆಯ ಮೇಲೆ ಒಟ್ಟುತ್ತಿದ್ದೆ. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಬೀದಿಯ ಸುದ್ದಿಯೆಲ್ಲ ಮುಗಿದಿರುತ್ತಿತ್ತು. ಆವತ್ತು ಮೂವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಮಾತೆಲ್ಲ ಬಚ್ಚಲುಮನೆಯಿಂದ ಬರುತ್ತಿತ್ತು.

"ಮಾ... ಮಾನ್ಯರೇ. ನನ್ನ ತಂ... ತಂ... ತಂದೆಯವರು..."

ತಂಬಿಗೆ ನೀರು ಸುರಿದ ಸದ್ದು. ಸ್ವಲ್ಪ ಹೊತ್ತು ಬಿಟ್ಟು, "ನನ್ನ ತಂದೆಯವರು ಬ... ಬ..."

ಅಜ್ಜಿ ಒಂದು ಸಿಪ್ಪೆಯನ್ನು ಕಾಳಿನ ಸಮೇತ ಪತ್ರಿಕೆಯ ಮೇಲೆ ಎಸೆದಳು. ನಾನು ಅದನ್ನು ಹೆಕ್ಕಿ ಕಾಳು ಬಿಡಿಸಿದೆ.

ಅಪ್ಪನಿಗೆ ಚಿಕ್ಕಂದಿನಿಂದ ಉಗ್ಗು. ಕನ್ನಡಕದ ಅಂಗಡಿಯಲ್ಲಿ ಕೆಲಸ, ಆದರೆ ಗಿರಾಕಿಗಳ ಎದುರಿಗಲ್ಲ. ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು. ಯಂತ್ರದ ಸದ್ದಿನಲ್ಲಿ ಅಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. "ಮದುವೆಗೆ ಒಪ್ಪಿಗೆಯಾ ಅಂತ ಕೇಳಿದಾಗ ನಿಮ್ಮಪ್ಪ ತಲೆ ಆಡಿಸಿದ್ರು. ಹೌದು ಅಂತಾನೋ ಬೇಡ ಅಂತಾನೋ ಗೊತ್ತಾಗದೆ ನಾನು ಅರ್ಧ ದಿನ ಒದ್ದಾಡಿದೆ" ಎಂದು ಅಮ್ಮ ಇವತ್ತಿಗೂ ನಗುತ್ತಾಳೆ. ಅಂಥ ಅಪ್ಪ ಈಗ ದೊಡ್ಡ ಸಭಾಂಗಣದಲ್ಲಿ ನಿಂತು ಮಾತಾಡುವವನಿದ್ದ. ಅಜ್ಜ ಬರೆದಿದ್ದ, ಯಾವ ವೇದಿಕೆಯನ್ನೂ ಏರದ ಒಂದು ರಚನೆಯನ್ನು ವಾದ್ಯವೃಂದದವರು ನುಡಿಸಲಿದ್ದರು. ಅದಕ್ಕೆ ಮುಂಚೆ ಮಗನ ಎರಡು ಮಾತು.

ಆ ರಚನೆಯನ್ನು ನುಡಿಸಕೂಡದು ಎಂದು ಅಜ್ಜಿಯ ಹಟ.

ಅಜ್ಜ ಬರೆಯುತ್ತಿದ್ದದ್ದು ಹಾಡಲ್ಲ. ಒಂದು ವೇದಿಕೆ ತುಂಬ ಜನ ಕೂತು ನುಡಿಸುವ ಹೊಸ ಬಗೆಯ ಸಂಗೀತ. ಬೀದಿಯವರು ಅದನ್ನು ಪಾತ್ರೆ ಬಿದ್ದ ಸಂಗೀತ ಎನ್ನುತ್ತಿದ್ದರು. ದೂರದೂರುಗಳಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರಂತೆ. ಅದು ನಮ್ಮ ಮನೆಯತನಕ ಕೇಳಿಸುತ್ತಿರಲಿಲ್ಲ. ಬಾಡಿಗೆ ಮನೆ ಬಾಡಿಗೆ ಮನೆಯಾಗಿಯೇ ಉಳಿಯಿತು. ಸ್ವರ ಬರೆಯುವ ಐದು ಗೆರೆಯ ದಪ್ಪ ಹಾಳೆ ದುಬಾರಿಯಾದ್ದರಿಂದ ಅಜ್ಜ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಬೇಡವೆನಿಸಿದ ಹಾಳೆಯ ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ಗೀಟು ಎಳೆದು ಊಟದ ಮೇಜಿನ ಮೇಲೆ ಇಟ್ಟರೆ ಮುಗಿಯಿತು, ಮುಂದಿನದು ಅಜ್ಜಿಯ ಕೆಲಸ. ಹಳೆಯ ಬ್ರೆಡ್ಡಿನ ಒಳಗಿನ ಮೆತ್ತನೆಯ ಭಾಗವನ್ನು ಉಂಡೆ ಮಾಡಿ ಮೊದಲು ತಿಕ್ಕುವುದು, ಆಮೇಲೆ ರಬ್ಬರು, ಕೊನೆಗೆ ಒಣಬಟ್ಟೆ. ಸ್ವರ ಹೋಗಬೇಕು, ಅಚ್ಚಿನ ಗೆರೆ ಉಳಿಯಬೇಕು. ಮಾರನೆಯ ದಿನ ಅದೇ ಹಾಳೆಯ ಮೇಲೆ ಅಜ್ಜ ಬೇರೆ ಏನೋ ಬರೆಯುತ್ತಿದ್ದ. ಕಪ್ಪಾದ ಬ್ರೆಡ್ಡಿನ ಪುಡಿಯನ್ನು ಅಜ್ಜಿ ಬೆಳಿಗ್ಗೆ ಕಿಟಕಿಯ ಹೊರಗೆ ಕೊಡವುತ್ತಿದ್ದಳು.

"ನಿಮ್ಮಜ್ಜನ ಸಂಗೀತ ಅರಗಿಸಿಕೊಂಡಿದ್ದು ಈ ಬೀದೀಲಿ ಗುಬ್ಬಿಗಳು ಮಾತ್ರ" ಎನ್ನುತ್ತಿದ್ದಳು.

ಅಜ್ಜ ತೀರಿಹೋದ ಮೇಲೆ ಪತ್ರಾಗಾರದವರು ಅವನ ಕಾಗದಪತ್ರಗಳನ್ನು ಕೇಳಿಕೊಂಡು ಬಂದರು. ಅಪ್ಪ ಸಹಿ ಹಾಕಿದ. ಬರೆದ ಹಾಳೆ, ಬಂದ ಪತ್ರ, ವೈದ್ಯರ ಚೀಟಿ, ಎಲ್ಲವೂ ಹೋಯಿತು. ಪೆಟ್ಟಿಗೆ ಕಟ್ಟುತ್ತಿದ್ದಾಗ ಅಜ್ಜಿ ಕಪಾಟಿನ ತಳದಿಂದ ಅಳಿಸಿದ ಹಾಳೆಗಳ ಒಂದು ಕಟ್ಟನ್ನೂ ತಂದು ಕೊಟ್ಟಳು. "ಇವು ಖಾಲಿ ಇವೆ. ಒಳ್ಳೇ ಕಾಗದ. ನಿಮ್ಮ ಆಫೀಸಿನಲ್ಲಿ ಏನಾದ್ರೂ ಬರ್ಕೊಳ್ಳಿ, ದಂಡ ಮಾಡ್ಬೇಡಿ." ಅವರು ನಕ್ಕು ತೆಗೆದುಕೊಂಡರು. ಅಜ್ಜಿಗೆ ಅಳಿಸಿದ್ದು ಎಂದರೆ ಹೋಯಿತು ಎಂದೇ ಲೆಕ್ಕ. ನಮಗೂ ಹಾಗೆಯೇ.

ವರ್ಷ ಕಳೆದ ಮೇಲೆ ಒಂದು ರಜಾದಿನ ಪತ್ರಾಗಾರದ ಮೇಡಂ ಮನೆಗೆ ಬಂದರು. ನನಗಿಂತ ಸ್ವಲ್ಪ ದೊಡ್ಡವರಿರಬೇಕು. ಒಳ್ಳೆಯವರು; ಚಪ್ಪಲಿ ಬಿಡುವಾಗ ಅಮ್ಮ ಗಿರಾಕಿಗಳಿಗೆ ಹೊಲಿಯಲು ಹರಡಿದ್ದ ಪರದೆಗಳನ್ನು ತುಳಿಯದ ಹಾಗೆ ಸುತ್ತಿ ಬಂದರು. ಅಜ್ಜಿ ಕೊಟ್ಟಿದ್ದ ಖಾಲಿ ಹಾಳೆಗಳ ಫೋಟೋಗಳನ್ನು ಚೀಲದಿಂದ ತೆಗೆದು ತೋರಿಸಿದರು. ಹಾಳೆಯ ಪಕ್ಕದಿಂದ ಓರೆಯಾಗಿ ದೀಪ ಹಿಡಿದರೆ ಪೆನ್ಸಿಲು ಒತ್ತಿದ ತಗ್ಗುಗಳಲ್ಲಿ ನೆರಳು ಬೀಳುತ್ತದಂತೆ. ಅಳಿಸಿದ ಸ್ವರಗಳನ್ನು ಹಾಗೆ ಓದುತ್ತಾರಂತೆ.

"ಅಂದ್ರೆ ನಾನು ಸರಿಯಾಗಿ ಅಳಿಸಿಲ್ಲ ಅಂತೀಯ?" ಎಂದಳು ಅಜ್ಜಿ.

"ಅಯ್ಯೋ, ಹಾಗಲ್ಲ ಅಜ್ಜಿ. ತುಂಬ ಚೆನ್ನಾಗಿ ಅಳಿಸಿದ್ದೀರಿ."

"ಚೆನ್ನಾಗಿ ಅಳಿಸಿದ್ರೆ ನೀನ್ಯಾಕೆ ಬರ್ತಿದ್ದೆ?"

ಅಪ್ಪ ನಕ್ಕ. ಮೇಡಂ ಕೂಡ ನಕ್ಕರು. "ಬಹಳಷ್ಟು ತುಂಡು ತುಂಡು. ಒಂದು ಮಾತ್ರ ಪೂರ್ತಿ ಸಿಕ್ಕಿದೆ. ಮೇಲೆ ‘ಪಾಠ’ ಅಂತ ಹೆಸರಿದೆ. ವಾದ್ಯವೃಂದದವರು ನುಡಿಸ್ತೀವಿ ಅಂತ ಒಪ್ಪಿದ್ದಾರೆ."

ಅಜ್ಜಿ ಚಹಾದ ಲೋಟವನ್ನು ಕೆಳಗಿಟ್ಟಳು. "ಅದನ್ನ ಬಿಟ್ಟುಬಿಡಿ. ಅವರು ಬೇಡ ಅಂದಿದ್ದು."

"ವಿಶೇಷ ಅದೇ ಅಜ್ಜಿ. ಬೇರೆ ಹಾಳೆಗಳ ಮೂಲೇಲೆಲ್ಲ ಕೆಂಪು ಗುರುತು ಸ್ವಲ್ಪ ಉಳಿದಿದೆ. ಇದರಲ್ಲಿ ಇಲ್ಲವೇ ಇಲ್ಲ. ಅವರು ಬೇಡ ಅಂದಿರಲಿಲ್ಲ."

ಮೇಡಂ ಹೋಗುವವರೆಗೆ ಅಪ್ಪ ತಡೆದುಕೊಂಡ. ರಾತ್ರಿಯ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ.

"ಅಮ್ಮ, ಅ... ಅಪ್ಪ ಗುರುತು ಹಾಕಿರ್ಲಿಲ್ಲ."

"ಹಾಕಿರ್ಲಿಲ್ಲ."

"ಮತ್ತೆ ಅಳಿಸಿದ್ದು ಯಾರು?"

"ನಾನು. ಬೇಳೆ ಹಾಕ್ಲಾ?"

"ಯಾಕೆ ಅಳಿಸಿದೆ?"

"ಅಳಿಸ್ಬೇಕು ಅನ್ನಿಸ್ತು."

"ಅದು ನಿ... ನಿ... ನಿನ್ನ ದಿನಸಿ ಚೀಟಿ ಅಲ್ಲ!"

"ದಿನಸಿ ಚೀಟಿ ಆಗಿದ್ರೆ ಇಟ್ಕೋತಿದ್ದೆ" ಎಂದಳು ಅಜ್ಜಿ.

ಅಪ್ಪ ತಟ್ಟೆ ದೂಡಿದ. "ಜನ್ಮದಲ್ಲಿ ಒಂದು ಸಲ, ಒ... ಒಂದೇ ಸಲ, ಬಂದು ಮಾತಾಡಿ ಅಂತ ನನ್ನ ಕರೆದಿದ್ದಾರೆ. ಅದೂ ನಿನ್ನ ಕೈಲಿ ನೋಡೋಕಾಗಲ್ಲ."

"ಮಾತಾಡು. ಬೇಕಾದಷ್ಟು ಮಾತಾಡು. ಬೇರೆ ಯಾವುದಾದ್ರೂ ನುಡಿಸಲಿ. ಪೆಟ್ಟಿಗೆಗಟ್ಟಲೆ ಬರೆದಿಟ್ಟು ಹೋಗಿದ್ದಾರಲ್ಲ."

"ಅದೇ ನು... ನುಡಿಸ್ತಾರೆ."

"ನಾನಿರೋತನಕ ಆಗಲ್ಲ."

ಅಲ್ಲಿಗೆ ಅವರಿಬ್ಬರ ಮಾತು ನಿಂತಿತು. ಏನಿದ್ದರೂ ನನ್ನ ಮೂಲಕ. "ಪುಟ್ಟಿ, ನಿಮ್ಮಪ್ಪಂಗೆ ಉಪ್ಪು ಬೇಕಾ ಕೇಳು." "ಪುಟ್ಟಿ, ಬೇ... ಬೇಡ ಅಂತ ಹೇಳು." ಉಪ್ಪಿನ ಡಬ್ಬಿ ಇಬ್ಬರ ನಡುವೆಯೇ ಇರುತ್ತಿತ್ತು.

ಬಟಾಣಿ ಸುಲಿದದ್ದು ಅದಾಗಿ ಒಂದು ವಾರಕ್ಕೆ. ಅಪ್ಪ ಸ್ನಾನ ಮುಗಿಸಿ, ಯಾರ ಮುಖವನ್ನೂ ನೋಡದೆ ಅಂಗಡಿಗೆ ಹೋದ ಮೇಲೆ ಅಮ್ಮ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದಳು.

"ಅತ್ತೆ, ಇವತ್ತು ಹೇಳ್ಲೇಬೇಕು. ಇಲ್ಲಾಂದ್ರೆ ನಾಳೆಯಿಂದ ಒಬ್ಬೊಬ್ಬರಿಗೆ ಒಂದೊಂದು ಒಲೆ ಹೂಡ್ತೀನಿ. ಏನಿದೆ ಅದರಲ್ಲಿ?"

ಅಜ್ಜಿ ಸಿಪ್ಪೆಯನ್ನು ನಾಲ್ಕು ತುಂಡು ಮಾಡಿದಳು.

"ಅದರಲ್ಲಿ ನಿನ್ನ ಗಂಡ ಇದ್ದಾನೆ."

ಅಮ್ಮನಿಗೆ ಅರ್ಥವಾಗಲಿಲ್ಲ. ನನಗೂ.

"ಆಗ ಅವನಿಗೆ ಏಳೋ ಎಂಟೋ. ದಿನಾ ಸಂಜೆ ಈ ಮೇಜಿನ ಮುಂದೆ ಕೂತು ಜೋರಾಗಿ ಪಾಠ ಓದ್ತಿದ್ದ. ಒಂದೊಂದು ಮಾತಿನ ಮುಂದೆ ನಿಂತು, ಬಡಿದಾಡಿ, ದಾಟ್ತಿದ್ದ. ನಿಮ್ಮ ಮಾವ ಬಾಗಿಲ ಹಿಂದೆ ನಿಂತು ಕೇಳ್ತಿದ್ರು. ಅಂತೂ ಮಗನ ಕಡೆ ಗಮನ ಬಂತಲ್ಲ ಅಂತ ನನಗೆ ಖುಷಿ. ಅವರು ಬರ್ಕೋತಿದ್ರು."

"ಏನನ್ನ? ಉಗ್ಗನ್ನಾ?"

"ಉಗ್ಗನ್ನೇ. ಎಲ್ಲಿ ತಡೀತು, ಎಷ್ಟು ಸಲ ತಟ್ಟಿದ, ಎಲ್ಲಿ ಉಸಿರು ಕಟ್ಟಿತು. ಕೊಳಲಿಗಿಷ್ಟು, ಪಿಟೀಲಿಗಿಷ್ಟು ಅಂತ ಹಂಚಿ ಬರೆದಿದ್ರು. ಗೇಲಿಗೆ ಬರೆದಿದ್ದಲ್ಲ. ಅವರಿಗೆ ಅದು ನಿಜವಾಗ್ಲೂ ಚೆಂದ ಕಂಡಿತ್ತು. ಅಷ್ಟು ನ್ಯಾಯ ನಾನು ಹೇಳ್ತೀನಿ."

"ಮತ್ತೆ?"

"ಸ್ನೇಹಿತರನ್ನ ಕರೆಸಿ ಪಿಯಾನೋದಲ್ಲಿ ನುಡಿಸಿ ತೋರಿಸಿದ್ರು. ಅಲ್ಲಿಗೆ ಬಿಟ್ಟಿದ್ರೂ ಆಗ್ತಿತ್ತು. ಬಾ ಮಗನೇ, ಇವರ ಮುಂದೆ ಸ್ವಲ್ಪ ಓದು ಅಂತ ಇವನನ್ನ ಕರೆದ್ರು. ಇವನು ಪುಸ್ತಕ ಹಿಡ್ಕೊಂಡು ಹೋಗಿ ನಿಂತ. ಮೊದಲನೇ ಮಾತಿಗೇ ತಡೀತು. ಈಗ ತಾನೇ ಪಿಯಾನೋದಲ್ಲಿ ಕೇಳಿದ್ದೇ ಇವನ ಬಾಯಲ್ಲಿ ಬಂತು ಅಂತ ಅವರೆಲ್ಲ ನಕ್ಕರು, ಓದಿದೋರು, ದೊಡ್ಡೋರು. ಇವನು ಅವರ ಮುಖ ನೋಡ್ದ. ನೋಡಿ ತಾನೂ ನಕ್ಕ."

ಅಮ್ಮ ಎರಡು ಕೈಯನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಳು.

"ಆಮೇಲೆ ಅವನು ಜೋರಾಗಿ ಓದ್ಲೇ ಇಲ್ಲ. ನಾನು ಆ ಹಾಳೆಗಳನ್ನ ತಗೊಂಡು ಅಳಿಸಿ ಕಪಾಟಿನ ತಳಕ್ಕೆ ಹಾಕ್ದೆ. ಇಡೀ ಒಂದು ಬ್ರೆಡ್ಡು ಬೇಕಾಯ್ತು. ಹಾಳೆ ಎಲ್ಲಿ ಅಂತ ನಿಮ್ಮ ಮಾವ ಕೇಳಿದ್ರು. ನೀವೇ ಗುರುತು ಹಾಕಿ ಇಟ್ಟಿದ್ರಲ್ಲ ಅಂದೆ."

"ಮಾವ ನಂಬಿದ್ರಾ?"

"ತಾನು ಬೇಡ ಅಂದಿದ್ದೇನು, ಬೇಕು ಅಂದಿದ್ದೇನು ಅಂತ ಅವರಿಗೆ ಯಾವತ್ತು ನೆನಪಿತ್ತು? ನಂಬಿದ್ರು. ಸುಳ್ಳು ಹೇಳ್ದೆ ಕಣೇ. ಬೇಕಾದ್ರೆ ಇನ್ನೊಂದು ಸಲ ಹೇಳ್ತೀನಿ."

"ಅದನ್ನೇ ಅವರಿಗೂ ಹೇಳಿಬಿಡಿ ಅತ್ತೆ. ಸಭೇಲಿ ಗೊತ್ತಾಗೋದಕ್ಕಿಂತ ಮನೇಲಿ ಗೊತ್ತಾಗ್ಲಿ."

"ಅವನು ಮರೆತಿದ್ದಾನೆ. ಮತ್ತೆ ಕೈಹಿಡ್ಕೊಂಡು ಹೋಗಿ ಅದೇ ಪಿಯಾನೋ ಮುಂದೆ ನಿಲ್ಲಿಸ್ಲಾ? ನನ್ನ ಕೈಲಾಗಲ್ಲ. ಹೇಳೋದೂ ಇಲ್ಲ, ನುಡಿಸೋಕೆ ಬಿಡೋದೂ ಇಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಏಯ್, ನೀನು ಏನೂ ಕೇಳಿಸ್ಕೊಂಡಿಲ್ಲ."

ಮಾತಾಡದೆ ಇರುವುದು ನನಗೆ ಕಷ್ಟದ ಕೆಲಸವಲ್ಲ. ತಲೆ ಆಡಿಸಿದೆ.

ಮುಂದಿನ ವಾರ ಅಜ್ಜಿ ಹೊರಗೆ ಹೋಗುವ ಚಪ್ಪಲಿ ಹಾಕಿಕೊಂಡು, ನನ್ನನ್ನು ಕರೆದುಕೊಂಡು, ಬಸ್ಸು ಹತ್ತಿ ಪತ್ರಾಗಾರಕ್ಕೆ ಹೋದಳು. ಒಳಗೆ ತಂಪು, ಕಾಗದದ ವಾಸನೆ. ಗೋಡೆಯುದ್ದಕ್ಕೂ ಒಂದೇ ಬಣ್ಣದ ರಟ್ಟಿನ ಪೆಟ್ಟಿಗೆಗಳು. ಒಂದು ಸಾಲಿನ ಮೇಲೆಲ್ಲ ಅಜ್ಜನ ಹೆಸರು. ಅಜ್ಜಿ ಅದರ ಮೇಲೆ ಬೆರಳಾಡಿಸಿ ಧೂಳಿದೆಯೇ ಎಂದು ನೋಡಿದಳು. ಇರಲಿಲ್ಲ.

ಮೇಡಂ ನಮ್ಮನ್ನು ಅಧಿಕಾರಿಯ ಕೋಣೆಗೆ ಕರೆದುಕೊಂಡು ಹೋದರು.

"ಒಪ್ಪಂದಕ್ಕೆ ನಿಮ್ಮ ಮಗ ಸಹಿ ಹಾಕಿದ್ದಾರಲ್ಲ ಅಜ್ಜಿ" ಎಂದರು ಅಧಿಕಾರಿ.

"ಅವರಪ್ಪ ಬರೆದಿದ್ದಕ್ಕೆ ಹಾಕಿದ್ದಾನೆ. ನಾನು ಅಳಿಸಿದ್ದಕ್ಕೆ ಯಾರು ಹಾಕಿದ್ದಾರೆ?"

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. "ಅಳಿಸಿದ್ದಕ್ಕೆಲ್ಲ ಹಕ್ಕು ಅಂತ ಇರಲ್ಲ."

"ಯಾಕಿರಲ್ಲ? ಅವರು ಬರೆಯೋಕೆ ತಗೊಂಡಿದ್ದಕ್ಕಿಂತ ಜಾಸ್ತಿ ಹೊತ್ತು ನಾನು ಅಳಿಸೋಕೆ ತಗೊಂಡಿದ್ದೀನಿ. ಖಾಲಿ ಹಾಳೆ ಅಂತ ಕೊಟ್ಟೆ, ವಾಪಸ್ ಕೊಡಿ."

"ಅವು ಖಾಲಿ ಇಲ್ಲವಲ್ಲ ಅಜ್ಜಿ" ಎಂದರು ಮೇಡಂ ಮೆಲ್ಲಗೆ. "ಯಾಕೆ ಬೇಡ ಅಂತ ಹೇಳಿ. ನಾನು ಬರ್ಕೊಂಡು ಮೇಲಿನವರಿಗೆ ಕೊಡ್ತೀನಿ."

"ಬರ್ಕೋತೀಯ. ಬರೆದು ಎಲ್ಲಿಡ್ತೀಯ?"

ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

"ಅದನ್ನೂ ಇನ್ನೊಂದು ಪೆಟ್ಟಿಗೇಲಿ ಇಡ್ತೀರ. ನಾಳೆ ಇನ್ಯಾರೋ ದೀಪ ಹಿಡ್ಕೊಂಡು ಬರ್ತಾರೆ. ಕಾರಣ ಗೀರಣ ಇಲ್ಲ. ಬೇಡ ಅಂದ್ರೆ ಬೇಡ."

ಬಸ್ಸಿನಲ್ಲಿ ಅಜ್ಜಿ ಕಾಲು ಮುಂದೆ ಚಾಚಿ ಕೂತಳು. ಅವಳ ಚಪ್ಪಲಿಯ ಬಾರು ಬಿಗಿಯಾಗಿ ಹಿಮ್ಮಡಿ ಕೆಂಪಗಾಗಿತ್ತು.

ನಾವು ಮನೆ ಸೇರುವ ಮೊದಲೇ ಸುದ್ದಿ ಅಂಗಡಿಯ ಫೋನಿಗೆ ಮುಟ್ಟಿತ್ತು. ಅಪ್ಪ ಕೈಗಂಟಿದ ಗಾಜಿನ ಪುಡಿಯನ್ನೂ ತೊಳೆಯದೆ ಬಂದ. ಸಿಟ್ಟಿನಲ್ಲಿ ನನ್ನ ಮೂಲಕ ಮಾತಾಡುವುದನ್ನೂ ಮರೆತ.

"ಅಲ್ಲಿಗೆ ಹೋಗಿ ನನ್ನ ಮಾ... ಮಾ... ಮಾನ ಕಳೆದೆ!"

"ನಿನ್ನ ಮಾನ ಉಳಿಸೋಕೇ ಹೋಗಿದ್ದು."

"ಅಂದ್ರೆ?"

ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿದಳು. ಅಜ್ಜಿ ಅಪ್ಪನ ಮುಖವನ್ನೇ ನೋಡಿದಳು.

"ಅಂದ್ರೆ ಕೈ ತೊಳ್ಕೊಂಡು ಊಟ ಮಾಡು."

ಅಮ್ಮ ಒಂದು ಸಲ ಪ್ರಯತ್ನಪಟ್ಟಳು. ಅಪ್ಪನ ಅಂಗಿಗೆ ಇಸ್ತ್ರಿ ಹಾಕುತ್ತಾ, "ರೀ, ಆ ರಚನೆ ಬಗ್ಗೆ ಒಂದು ಮಾತು ಹೇಳ್ಬೇಕಿತ್ತು" ಎಂದಳು.

"ಒಳ್ಳೇ ಮಾತಾ?"

"ಅಷ್ಟೇನೂ ಒಳ್ಳೇದಲ್ಲ."

"ಹಾಗಾದ್ರೆ ಕಾ... ಕಾರ್ಯಕ್ರ‌ಮ ಆದ್ಮೇಲೆ ಹೇಳು. ನೀನೂ ಅವಳ ಕಡೆ ಸೇರ್ಕೋಬೇಡ."

"ನಾನು ಯಾರ ಕಡೆನೂ ಅಲ್ಲ. ಎರಡೂ ಕಡೆಯ ಬಟ್ಟೆ ತೊಳೆಯೋಳು ನಾನು" ಎಂದು ಅಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಕುಕ್ಕಿದಳು.

ಸಂಜೆಗಳಲ್ಲಿ ನಾನು ಹಿತ್ತಲಲ್ಲಿ ಒಗೆದ ಪರದೆಗಳನ್ನು ಹರಡುವಾಗ ಅಪ್ಪ ಬಂದು ಅವುಗಳ ಆಚೆ ನಿಂತು ಭಾಷಣ ಓದುತ್ತಿದ್ದ. ನನಗೆ ಅವನ ಕಾಲು ಮಾತ್ರ ಕಾಣುತ್ತಿತ್ತು. ಬಚ್ಚಲಿನಲ್ಲಿ ತಡೆಯುತ್ತಿದ್ದ ಮಾತುಗಳು ಅಲ್ಲಿ ಅಷ್ಟು ತಡೆಯುತ್ತಿರಲಿಲ್ಲ.

"ಹೇಗಿತ್ತು?"

"ಚೆನ್ನಾಗಿತ್ತಪ್ಪ."

"ನೀನು ನಗಲ್ಲ. ಅದಕ್ಕೇ ಸ... ಸಲೀಸು."

ಅಜ್ಜಿ ಮುಚ್ಚಿಡು ಎಂದಿದ್ದ ವಿಷಯ ನಾಲಗೆಯ ತುದಿಗೆ ಬಂದು ನಿಂತಿತ್ತು. ಹಗ್ಗಕ್ಕೆ ಇನ್ನೊಂದು ಕ್ಲಿಪ್ಪು ಸಿಕ್ಕಿಸಿದೆ.

ಕಾರ್ಯಕ್ರಮದ ಹಿಂದಿನ ದಿನದ ತಾಲೀಮಿಗೆ ಮನೆಯವರನ್ನೆಲ್ಲ ಕರೆದಿದ್ದರು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಗ ಅಜ್ಜಿಯೂ ಚಪ್ಪಲಿ ಹಾಕಿಕೊಂಡು ಬಂದಳು.

ಅಪ್ಪನ ಮುಖ ಅರಳಿತು. "ಬರ್ತೀಯಾ?"

"ಬರ್ತೀನಿ. ಒಪ್ಪಿದೀನಿ ಅಂತ ತಿಳ್ಕೋಬೇಡ."

ಸಭಾಂಗಣದಲ್ಲಿ ಖಾಲಿ ಕುರ್ಚಿಗಳ ಸಾಲು. ವೇದಿಕೆಯ ಮೇಲೆ ವಾದ್ಯದವರು ಮನೆಯಲ್ಲಿ ಹಾಕುವಂಥ ಬಟ್ಟೆಯಲ್ಲೇ ಇದ್ದರು. ಕುರ್ಚಿಗಳ ಕೆಳಗೆ ನೀರಿನ ಬಾಟಲಿಗಳು, ಒಬ್ಬಳು ಚಪ್ಪಲಿ ಬಿಟ್ಟು ಕೂತಿದ್ದಳು. ಕೈಯಲ್ಲಿ ಸಣ್ಣ ಕೋಲು ಹಿಡಿದ ನಿರ್ದೇಶಕರು ನಮ್ಮ ಕಡೆ ತಿರುಗಿ ನಮಸ್ಕರಿಸಿದರು. ನಾವು ಮೂರನೆಯ ಸಾಲಿನಲ್ಲಿ ಕೂತೆವು. ಮೇಡಂ ನಮ್ಮ ಹಿಂದೆ ಕೂತರು. ಅಪ್ಪ ಭಾಷಣದ ಕಾಗದವನ್ನು ಬಿಚ್ಚುತ್ತಿದ್ದ, ಮಡಚುತ್ತಿದ್ದ.

ಶುರುವಾಯಿತು. ಕೊಳಲು ಒಂದೇ ಒಂದು ಸ್ವರ ಹಿಡಿಯಿತು. ಮುಂದೆ ಹೋಗಲಿಲ್ಲ. ಅದನ್ನೇ ಮತ್ತೆ ತಟ್ಟಿತು, ಮತ್ತೆ ತಟ್ಟಿತು, ನಿಂತಿತು. ಡೋಲು ಹಿಂದಿನಿಂದ ನೂಕಿತು. ಆಗಲೂ ಇಲ್ಲ. ಒಮ್ಮೆಲೇ ಕಟ್ಟೆ ಒಡೆದ ಹಾಗೆ ಪಿಟೀಲುಗಳೆಲ್ಲ ಹರಿದವು, ನಾಲ್ಕು ಹೆಜ್ಜೆ ಹೋಗಿ ಅವೂ ಸಿಕ್ಕಿಕೊಂಡವು. ನಾನು ಹುಟ್ಟಿದಾಗಿನಿಂದ ಕೇಳುತ್ತಿದ್ದ ದನಿ ಅದು. ಬಚ್ಚಲುಮನೆಯಿಂದ ಬರುವ ದನಿ, ಊಟದ ಮೇಜಿನ ದನಿ.

ಅಪ್ಪನ ಕೈಯಲ್ಲಿ ಕಾಗದದ ಸದ್ದು ನಿಂತಿತು.

ಕೊಳಲು ಮತ್ತೆ ಅದೇ ಸ್ವರಕ್ಕೆ ಬಂದು ಬಡಿದಾಡತೊಡಗಿದಾಗ ಹಿಂದಿನ ಸಾಲಿನ ಪಿಟೀಲಿನವನು ಪಕ್ಕದವನ ಕಡೆ ನೋಡಿ ತುಟಿ ಕಚ್ಚಿದ. ಪಕ್ಕದವನಿಗೆ ತಡೆಯಲಾಗಲಿಲ್ಲ. ಇನ್ಯಾರೋ ಕಿಸಕ್ಕೆಂದರು. ಕೆಟ್ಟ ನಗುವಲ್ಲ ಅದು. ಹೊಸ ಸಂಗೀತಕ್ಕೆ ಬರುವ ನಗು.

ಅಜ್ಜಿ ಎದ್ದು ನಿಂತಳು.

"ನಿಲ್ಲಿಸಿ."

ನಿರ್ದೇಶಕರಿಗೆ ಕೇಳಿಸಲಿಲ್ಲ.

"ನಿಲ್ಲಿಸ್ರೀ ಅಂದೆ!"

ಕೋಲು ತಡೆಯಿತು. ವಾದ್ಯಗಳು ಒಂದೊಂದಾಗಿ ಸುಮ್ಮನಾದವು. "ಏನಾಯ್ತಮ್ಮ?" ಎಂದರು ನಿರ್ದೇಶಕರು.

"ನಕ್ಕಿದ್ದು ಯಾರು?"

ಪಿಟೀಲಿನವನು ತಲೆ ತಗ್ಗಿಸಿ ತಂತಿ ಬಿಗಿಮಾಡತೊಡಗಿದ. ಅಮ್ಮ ಅಜ್ಜಿಯ ಸೆರಗು ಹಿಡಿದು ಎಳೆದಳು. ಅಜ್ಜಿ ಕದಲಲಿಲ್ಲ.

"ಅಮ್ಮ" ಎಂದ ಅಪ್ಪ, ಕೂತಲ್ಲಿಂದಲೇ. "ಇದು ನಿನಗೆ ಗೊ... ಗೊತ್ತಿತ್ತು."

"ಗೊತ್ತಿತ್ತು."

"ಅದಕ್ಕೇ ಅಳಿಸಿದ್ದು."

"ಅದಕ್ಕೇ. ಇನ್ನೂ ಗಟ್ಟಿಯಾಗಿ ತಿಕ್ಕಬೇಕಿತ್ತು. ಹಾಳೆ ಹರಿದ್ರೂ ಪರವಾಗಿರ್ಲಿಲ್ಲ."

ಅಪ್ಪ ಸ್ವಲ್ಪ ಹೊತ್ತು ಖಾಲಿ ಕೈ ನೋಡಿಕೊಂಡ. ಕಾಗದ ಕೆಳಗೆ ಬಿದ್ದಿತ್ತು. ಹೆಕ್ಕಲಿಲ್ಲ.

"ನನಗೆ ಆ ನ... ನಗು ನೆನಪಿತ್ತು ಅಮ್ಮ. ಯಾವತ್ತೂ ಮರೆತಿರ್ಲಿಲ್ಲ. ಅವರು ಯಾಕೆ ನಕ್ಕರು ಅಂತ ಗೊತ್ತಿರ್ಲಿಲ್ಲ, ಅಷ್ಟೆ. ಈ ಸಂ... ಸಂಗೀತ ನೆನಪಿರ್ಲಿಲ್ಲ."

ಅಜ್ಜಿ ಮುಂದಿನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. 

ಅಪ್ಪ ಎದ್ದು ಕುರ್ಚಿಗಳ ನಡುವೆ ದಾಟಿಕೊಂಡು ವೇದಿಕೆಯ ಅಂಚಿಗೆ ಹೋಗಿ ನಿಂತ. ವಾದ್ಯದವರು ಅವನನ್ನು ಮೇಲಿನಿಂದ ನೋಡುತ್ತಿದ್ದರು. ಮಾತು ಸಿಕ್ಕಿಕೊಂಡಾಗ ಅಪ್ಪ ತೊಡೆಗೆ ಹೊಡೆದುಕೊಳ್ಳುತ್ತಾನೆ, ಇಲ್ಲವೇ ಮಾತನ್ನೇ ಬಿಟ್ಟುಬಿಡುತ್ತಾನೆ. ಅಲ್ಲಿ ಎರಡನ್ನೂ ಮಾಡಲಿಲ್ಲ.

"ಅದು ನಾ... ನಾ..."

ಅಮ್ಮ ಅರ್ಧ ಎದ್ದಳು. ಅಪ್ಪ ಹಿಂದೆ ತಿರುಗದೆ ಕೈ ಎತ್ತಿ ಬೇಡವೆಂದ. ಮಾತು ಬರುವವರೆಗೆ ನಿಂತ. ಎಲ್ಲರನ್ನೂ ನಿಲ್ಲಿಸಿದ.

"...ನಾನು. ಆ ಹುಡುಗ ನಾನು. ನ... ನಗು ಬಂದೋರು ಈಗಲೇ ನಕ್ಕುಬಿಡಿ. ಆಮೇಲೆ ಮೊ... ಮೊದಲಿಂದ ನುಡಿಸಿ."

ನಿರ್ದೇಶಕರ ಕೋಲು ಕೆಳಗೇ ಇತ್ತು. ಕೊಳಲಿನವಳು ಕೊಳಲನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಮೂರನೆಯ ಸಾಲಿನಲ್ಲಿ ಅಜ್ಜಿ ಇನ್ನೂ ನಿಂತೇ ಇದ್ದಳು.

"ನುಡಿಸಿ" ಎಂದ ಅಪ್ಪ.